ಸಂಗ್ರಹಾಲಯದ ಡೇಟಾಬೇಸ್: ಮುರಿದ ಮೀಡಿಯಾ ಕೊಂಡಿಗಳನ್ನು ಹುಡುಕುವುದು

ವಸ್ತುವಿನ ದಾಖಲೆಯಲ್ಲಿ ಸಾಮಾನ್ಯವಾಗಿ ಫೋಟೋ ಇರುವುದಿಲ್ಲ. ಅದು ಎಲ್ಲಿದೆ ಎಂದು ಹೇಳುವ ಒಂದು ಸಾಲು ಪಾಥ್ ಇರುತ್ತದೆ, ಅಷ್ಟೆ. ಯಾರಾದರೂ ಫೋಲ್ಡರಿನ ಹೆಸರು ಬದಲಿಸಿದರೆ ಆ ಸಾಲಿಗೆ ಸುದ್ದಿ ಮುಟ್ಟುವುದಿಲ್ಲ. ಥಂಬ್‌ನೇಲ್ (ಪುಟ್ಟ ಮುನ್ನೋಟದ ಚಿತ್ರ) ಬೇರೆ ಕಡೆ ಉಳಿದಿರುವುದರಿಂದ ಪರದೆ ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ.

ಎರಡು ಪಟ್ಟಿ ಬೇಕು. ಮೀಡಿಯಾ ಟೇಬಲ್‌ನಿಂದ ಅಕ್ಸೆಶನ್ ಸಂಖ್ಯೆ (ವಸ್ತು ಸಂಗ್ರಹಕ್ಕೆ ಸೇರಿದಾಗ ಕೊಡುವ ಸಂಖ್ಯೆ), ಮೀಡಿಯಾ ಐಡಿ, ಪಾಥ್. ಡಿಸ್ಕ್‌ನಿಂದ ಪ್ರತಿ ಫೈಲಿನ ಪಾಥ್ ಮತ್ತು ಗಾತ್ರ. ಡ್ರೈವ್ ಅಕ್ಷರ, ಸ್ಲ್ಯಾಷ್‌ಗಳನ್ನು ಎರಡರಲ್ಲೂ ಒಂದೇ ರೂಪಕ್ಕೆ ತಂದು ಲೆಫ್ಟ್ ಜಾಯಿನ್ ಮಾಡಿ: ಮೀಡಿಯಾ ಪಟ್ಟಿಯ ಪ್ರತಿ ಸಾಲನ್ನೂ ಇಟ್ಟುಕೊಂಡು ಡಿಸ್ಕ್ ಪಟ್ಟಿಯಲ್ಲಿ ಅದರ ಜೋಡಿ ಹುಡುಕುವುದು. ಡಿಸ್ಕ್ ಬದಿಯಲ್ಲಿ ನಲ್ (ಖಾಲಿ) ಬಂದವು ಮುರಿದ ಕೊಂಡಿಗಳು. 0 ಬೈಟ್ ಫೈಲನ್ನೂ ಅದೇ ಲೆಕ್ಕಕ್ಕೆ ಸೇರಿಸಿ. ಜಾಯಿನ್ ತಿರುಗಿಸಿದರೆ ಯಾವ ದಾಖಲೆಗೂ ಸೇರದ ಅನಾಥ ಫೈಲುಗಳು ಸಿಗುತ್ತವೆ. ಈ ಎರಡನೆಯ ಫಲಿತಾಂಶವೇ ನಿಜವಾದ ನಿಧಿ: ಕಳೆದುಹೋಯಿತೆಂದುಕೊಂಡದ್ದು ಬಹಳ ಸಲ ಇಲ್ಲೇ ಬೇರೆ ಹೆಸರಿನಲ್ಲಿ ಕೂತಿರುತ್ತದೆ.

ಒಂದೊಂದನ್ನೇ ಸರಿಪಡಿಸಲು ಹೊರಡುವ ಮೊದಲು ಫೋಲ್ಡರ್‌ವಾರು ಎಣಿಸಿ. ಒಂದು ಫೋಲ್ಡರಿನ ಎಲ್ಲವೂ ಮುರಿದಿದ್ದರೆ ಫೋಲ್ಡರ್ ಜಾಗ ಬದಲಿಸಿದೆ, ಇಲ್ಲವೇ ಡಿಸ್ಕ್ ಪಟ್ಟಿ ಮಾಡುವ ಸ್ಕ್ರಿಪ್ಟ್ ಓಡುವ ಖಾತೆಗೆ ಓದುವ ಅನುಮತಿಯಿಲ್ಲ. ಅಲ್ಲೊಂದು ಇಲ್ಲೊಂದು ಮುರಿದಿದ್ದರೆ ಹೆಸರನ್ನೇ ಅನುಮಾನಿಸಿ. ಪಾಥ್‌ನ ಕೊನೆಗೆ ಅಂಟಿದ ಖಾಲಿ ಜಾಗ ಕಣ್ಣಿಗೆ ಬೀಳುವುದಿಲ್ಲ. ಉದ್ಧರಣ ಚಿಹ್ನೆಯೊಳಗಿಟ್ಟು ಮುದ್ರಿಸಿದರೆ ಬೀಳುತ್ತದೆ. ಎಕ್ಸ್‌ಟೆನ್ಶನ್‌ನ ದೊಡ್ಡಕ್ಷರ, ಸಣ್ಣಕ್ಷರ ವ್ಯತ್ಯಾಸವನ್ನು ವಿಂಡೋಸ್ ಸಾಮಾನ್ಯವಾಗಿ ಲೆಕ್ಕಿಸುವುದಿಲ್ಲ, ಲಿನಕ್ಸ್ ಲೆಕ್ಕಿಸುತ್ತದೆ. ಸರ್ವರ್ ಬದಲಾದ ಮರುದಿನ ಕೊಂಡಿಗಳು ಸಾಲಾಗಿ ಮುರಿಯುವುದಕ್ಕೆ ಇದೂ ಒಂದು ಕಾರಣ.

ಕನ್ನಡದ ಫೈಲ್ ಹೆಸರುಗಳಿಗೆ ಇನ್ನೊಂದು ತೊಡಕಿದೆ. ‘ದೋಣಿ’ಯ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು, ಮೂರು ಬಿಡಿ ಚಿಹ್ನೆಗಳಾಗಿಯೂ ಬರೆಯಬಹುದು. ಯುಟಿಎಫ್-8ರಲ್ಲಿ ಮೊದಲನೆಯದು 3 ಬೈಟ್, ಎರಡನೆಯದು 9. ಕಣ್ಣಿಗೆ ಎರಡೂ ಒಂದೇ, ಜಾಯಿನ್‌ಗೆ ಬೇರೆ ಬೇರೆ. ಹೋಲಿಸುವಾಗ ಎರಡೂ ಪಟ್ಟಿಯನ್ನು ಬಿಡಿ ಚಿಹ್ನೆಗಳನ್ನು ಕೂಡಿಸಿ ಬರೆಯುವ ಯೂನಿಕೋಡ್ ರೂಪವಾದ ಎನ್‌ಎಫ್‌ಸಿಗೆ ತನ್ನಿ. ಹೊಂದಿದ ಮೇಲೆ ಡಿಸ್ಕ್‌ನಲ್ಲಿರುವ ಹೆಸರನ್ನೇ ಯಥಾವತ್ತಾಗಿ ದಾಖಲೆಗೆ ಬರೆಯಿರಿ.

ವೆಬ್ ವಿಳಾಸವಾದರೆ ‘ಸಿಗಲಿಲ್ಲ’ ಎನ್ನುವ 404 ಸಂಕೇತ ಒಂದನ್ನೇ ನಂಬಬೇಡಿ. ಕೆಲವು ಸರ್ವರ್‌ಗಳು ‘ಸಿಗಲಿಲ್ಲ’ ಎಂಬ ಪುಟವನ್ನೇ 200 (ಸರಿಯಿದೆ) ಎಂದು ಕಳಿಸುತ್ತವೆ. ಬಂದದ್ದು ಚಿತ್ರವೋ ಎಚ್‌ಟಿಎಂಎಲ್ಲೋ ಎಂದು ಉತ್ತರದ ಜೊತೆ ಬರುವ ಕಂಟೆಂಟ್-ಟೈಪ್ ನೋಡಿ. 403 (ಅನುಮತಿಯಿಲ್ಲ) ಬಂದರೆ ಫೈಲ್ ಇಲ್ಲವೆಂದಲ್ಲ, ಬಾಗಿಲು ಮುಚ್ಚಿದೆ.

ಮೊದಲೇ ಶಾ-256 ಚೆಕ್‌ಸಮ್ (ಫೈಲಿನ ಒಳವಿಷಯದಿಂದ ಲೆಕ್ಕಹಾಕಿದ ಗುರುತು) ದಾಖಲಿಸಿದ್ದರೆ ಹೆಸರು ಬದಲಾದ ಫೈಲನ್ನೂ ಅನಾಥರ ಪಟ್ಟಿಯಿಂದ ಖಚಿತವಾಗಿ ಗುರುತಿಸಬಹುದು. ತಿದ್ದುವಾಗ ಹಳೆಯ ಪಾಥ್ ಇನ್ನೊಂದು ಕಾಲಂನಲ್ಲಿ ಉಳಿಯಲಿ. ಫೈಲ್ ಸಿಗದಿದ್ದರೂ ಮೀಡಿಯಾ ದಾಖಲೆಯನ್ನು ಅಳಿಸಬೇಡಿ: ತೆಗೆದವರ ಹೆಸರು, ದಿನಾಂಕ, ಹಕ್ಕುಗಳ ವಿವರ ಇರುವುದು ಅದರಲ್ಲೇ.