ಪ್ರಿಂಟರ್ ನಿಂತರೆ ಕ್ಯೂ ಏನಾಗುತ್ತದೆ?

ದೊಡ್ಡ ಕಂಪ್ಯೂಟರ್ ಲ್ಯಾಬ್‌ಗೆ ಯಾವ ಪ್ರಿಂಟ್ ಸರ್ವರ್ (ಎಲ್ಲರ ಪ್ರಿಂಟ್‌ಗಳನ್ನು ಸಾಲಿನಲ್ಲಿಟ್ಟು ಪ್ರಿಂಟರ್‌ಗೆ ಕಳಿಸುವ ವ್ಯವಸ್ಥೆ) ಹಾಕೋಣ ಅಂತ ಕೇಳುವವರು ಸಾಮಾನ್ಯವಾಗಿ ಫೀಚರ್‌ಗಳ ಪಟ್ಟಿ ಹಿಡಿದೇ ಬರುತ್ತಾರೆ. ನಾನು ಕೇಳುವುದು ಒಂದೇ ಪ್ರಶ್ನೆ: ಒಂದು ಜಾಬ್, ಅಂದರೆ ಪ್ರಿಂಟ್‌ಗೆ ಕಳಿಸಿದ ಒಂದು ಕೆಲಸ, ಫೇಲ್ ಆದರೆ ಕ್ಯೂನಲ್ಲಿ ಅದರ ಹಿಂದಿರುವ ನಲವತ್ತು ಜಾಬ್‌ಗಳ ಗತಿ ಏನು?

ನನ್ನ ಆಯ್ಕೆ ಕಪ್ಸ್ (CUPS) ಎಂಬ ಓಪನ್ ಸೋರ್ಸ್ ಪ್ರಿಂಟ್ ಸರ್ವರ್. 1999ರಿಂದ ಬಳಕೆಯಲ್ಲಿದೆ, ಲಿನಕ್ಸ್ ಜೊತೆಗೇ ಬರುತ್ತದೆ. ವಿಂಡೋಸ್ ಯಂತ್ರಗಳೂ ಐಪಿಪಿ (ನೆಟ್‌ವರ್ಕ್‌ನಲ್ಲಿ ಪ್ರಿಂಟ್ ಕಳಿಸುವ ಪ್ರೋಟೋಕಾಲ್) ಅಥವಾ ಸಾಂಬಾ (ಲಿನಕ್ಸ್‌ನ ಪ್ರಿಂಟರ್, ಫೈಲ್‌ಗಳನ್ನು ವಿಂಡೋಸ್‌ಗೆ ಹಂಚುವ ಸಾಫ್ಟ್‌ವೇರ್) ಮೂಲಕ ಸೇರಿಕೊಳ್ಳುತ್ತವೆ. ಆದರೆ ಇನ್‌ಸ್ಟಾಲ್ ಮಾಡಿ ಸುಮ್ನೆ ಬಿಟ್ಟರೆ ಆಗುವುದಿಲ್ಲ.

ನಾನು ನೋಡಿಕೊಳ್ಳುತ್ತಿದ್ದ ಲ್ಯಾಬ್‌ನಲ್ಲಿ ಅದು ರಿಪೋರ್ಟ್ ಕೊಡುವ ಕೊನೆಯ ದಿನ. ಪ್ರಿಂಟರ್‌ನಲ್ಲಿ ಕಾಗದವಿತ್ತು, ಟೋನರ್ ಇತ್ತು, ಹಸಿರು ದೀಪವೂ ಉರಿಯುತ್ತಿತ್ತು. ಒಂದು ಹಾಳೆಯೂ ಹೊರಗೆ ಬರಲಿಲ್ಲ. ವಿದ್ಯಾರ್ಥಿಗಳು ಮತ್ತೆ ಮತ್ತೆ ಪ್ರಿಂಟ್ ಒತ್ತಿದರು. ಕ್ಯೂ ಬಿಡುಗಡೆಯಾದಾಗ ಒಂದೇ ರಿಪೋರ್ಟ್ ಆರು ಸಲ ಬಂತು. ಯಾರದೋ ಒಂದು ಜಾಬ್ ಪ್ರಿಂಟರ್‌ಗೆ ಹೋಗುವಾಗ ಫೇಲ್ ಆಗಿತ್ತು, ಅಷ್ಟೇ. ಜಾಬ್ ಅನ್ನು ಪ್ರಿಂಟರ್‌ಗೆ ಕಳಿಸಲು ಆಗದಿದ್ದರೆ ಆ ಪ್ರಿಂಟರ್‌ನ ಕ್ಯೂವನ್ನೇ ನಿಲ್ಲಿಸುವುದು ಕಪ್ಸ್‌ನ ಮೂಲ ಸೆಟ್ಟಿಂಗ್. ಹೀಗಾದಾಗ ಏನು ಮಾಡಬೇಕೆಂದು ಹೇಳುವ 'ಎರರ್ ಪಾಲಿಸಿ' ಸೆಟ್ಟಿಂಗನ್ನು 'ಅಬಾರ್ಟ್ ಜಾಬ್'ಗೆ ಬದಲಿಸಿದರೆ ಆ ಒಂದು ಜಾಬ್ ಮಾತ್ರ ರದ್ದಾಗಿ ಮುಂದಿನದು ಹೊರಡುತ್ತದೆ. ಲ್ಯಾಬ್‌ಗೆ ಬೇಕಾದದ್ದು ಇದೇ ಅಲ್ವಾ?

ಒಂದೇ ಮಾಡೆಲ್‌ನ ಎರಡು ಮೂರು ಪ್ರಿಂಟರ್ ಇದ್ದರೆ ಅವನ್ನು ಒಂದು ಕ್ಲಾಸ್‌ಗೆ, ಅಂದರೆ ಕಪ್ಸ್‌ನ ಪ್ರಿಂಟರ್ ಗುಂಪಿಗೆ, ಸೇರಿಸಿ. ಯಾವುದು ಬಿಡುವಾಗಿದೆಯೋ ಅದಕ್ಕೆ ಜಾಬ್ ಹೋಗುತ್ತದೆ.

ಇನ್ನು ಪುಟಗಳ ಲೆಕ್ಕ. ಜಾಸ್ತಿ ಜನ ಎಡವುವುದು ಇಲ್ಲೇ. ಯಾರು ಎಷ್ಟು ಪುಟ ತೆಗೆದರು ಅಂತ ಲಾಗ್‌ನಲ್ಲಿ ಹೇಗೆ ಬರೆಯಬೇಕೆಂದು ಹೇಳುವ 'ಪೇಜ್ ಲಾಗ್ ಫಾರ್ಮ್ಯಾಟ್' ಸೆಟ್ಟಿಂಗ್ ಈಗಿನ ಕಪ್ಸ್‌ನಲ್ಲಿ ಖಾಲಿ ಇರುತ್ತದೆ. ನೀವೇ ತುಂಬದಿದ್ದರೆ ಲಾಗ್ ಬರೆಯುವುದೇ ಇಲ್ಲ. ಒಬ್ಬರಿಗೆ ಇಷ್ಟು ಪುಟ ಅಂತ ಕೋಟಾ ಇಡಬಹುದು, ಅವಧಿಯನ್ನು ಸೆಕೆಂಡ್‌ನಲ್ಲಿ ಕೊಡಬೇಕು, ವಾರಕ್ಕೆ 604800. ಆದರೆ ಲಾಗಿನ್ ಕೇಳದ ಸರ್ವರ್‌ನಲ್ಲಿ ಯಾರು ಬೇಕಾದರೂ ಇನ್ನೊಬ್ಬರ ಹೆಸರಿನಲ್ಲಿ ಜಾಬ್ ಕಳಿಸಬಹುದು. ಹಾಗಾಗಿ ಮೊದಲು ಲಾಗಿನ್, ಆಮೇಲೆ ಕೋಟಾ. ಪ್ರಿಂಟರ್ ಹತ್ತಿರ ಬಂದು ಗುರುತು ತೋರಿಸಿದ ಮೇಲೇ ಹಾಳೆ ಬರಬೇಕು ಅಂದರೆ ಕಪ್ಸ್ ಮೇಲೆ ಕೂರುವ ಸಾವಾಪೇಜ್ (SavaPage) ಎಂಬ ಸಾಫ್ಟ್‌ವೇರ್ ನೋಡಿ, ಅದೂ ಓಪನ್ ಸೋರ್ಸ್.

ನೆಟ್‌ವರ್ಕ್‌ನಲ್ಲಿರುವ ಪ್ರಿಂಟರ್‌ಗಳನ್ನು ತಾನಾಗಿ ಹುಡುಕುವ ಕಪ್ಸ್ ಬ್ರೌಸ್ಡ್ (cups-browsed) ಎಂಬ ಸೇವೆ ಬೇಡವಾಗಿದ್ದರೆ ಆಫ್ ಮಾಡಿಬಿಡಿ. 2024ರಲ್ಲಿ ಅದರಲ್ಲಿ ಗಂಭೀರ ಭದ್ರತಾ ದೋಷ ಸಿಕ್ಕಿತ್ತು.

ಲ್ಯಾಬ್ ತೆರೆಯುವ ಮೊದಲು ಮೂವತ್ತು ಜಾಬ್ ಒಟ್ಟಿಗೆ ಕಳಿಸಿ, ನಡುವೆ ಒಂದು ಪ್ರಿಂಟರ್‌ನ ನೆಟ್‌ವರ್ಕ್ ಕೇಬಲ್ ಕಿತ್ತು ನೋಡಿ. ಉಳಿದ ಜಾಬ್‌ಗಳು ಪಕ್ಕದ ಪ್ರಿಂಟರ್‌ಗೆ ಹೋಗಬೇಕು. ಹೋಗದಿದ್ದರೆ ಕ್ಲಾಸ್ ಮತ್ತು ಎರರ್ ಪಾಲಿಸಿ ಎರಡನ್ನೂ ಮತ್ತೆ ತೆರೆದು ನೋಡಿ.