ರಕ್ತ ಪರೀಕ್ಷೆಯ ವರದಿಯಲ್ಲಿ ಮಿತಿಯಿಂದ ತುಸು ಆಚೀಚೆ ಬರುವ ಅಂಕಿಗಳು

ವರದಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾದ ಅಂಕಿಯನ್ನು ರೋಗದ ಗುರುತೆಂದು ಓದುವ ಮೊದಲು, ಅದರ ಪಕ್ಕದಲ್ಲಿರುವ ‘ಸಾಮಾನ್ಯ ಮಿತಿ’ ಹೇಗೆ ಹುಟ್ಟಿತೆಂಬುದು ನಮಗೆ ತಿಳಿದಿರಬೇಕು. ಆರೋಗ್ಯವಂತರೆಂದು ಖಚಿತಪಡಿಸಿಕೊಂಡ ಕನಿಷ್ಠ 120 ಜನರ ರಕ್ತವನ್ನು ಪರೀಕ್ಷಿಸಿ, ಬಂದ ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ಎರಡೂ ತುದಿಗಳಲ್ಲಿ ಶೇ. 2.5ರಷ್ಟನ್ನು ಬಿಟ್ಟು ನಡುವಿನ ಶೇ. 95 ಭಾಗವನ್ನು ಮಿತಿಯೆಂದು ಗುರುತಿಸುವುದು ರೂಢಿ. ಅಂದರೆ ಯಾವ ಕಾಯಿಲೆಯೂ ಇಲ್ಲದ ನೂರು ಜನರಲ್ಲಿ ಸುಮಾರು ಐವರು ಈ ಗೆರೆಯ ಹೊರಗೆ ಬೀಳುತ್ತಾರೆ. ಪರಸ್ಪರ ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಆರೋಗ್ಯವಂತನೊಬ್ಬನಿಗೆ ಒಟ್ಟಿಗೆ ಮಾಡಿಸಿದರೆ, ಎಲ್ಲವೂ ಮಿತಿಯೊಳಗೇ ಬರುವ ಸಾಧ್ಯತೆ 0.95ರ 20ನೆಯ ಘಾತ, ಎಂದರೆ ಸುಮಾರು ಶೇ. 36, ಒಂದಾದರೂ ಹೊರಗೆ ಬರುವ ಸಾಧ್ಯತೆ ಶೇ. 64. ನಿಜದಲ್ಲಿ ಹಲವು ಪರೀಕ್ಷೆಗಳಿಗೆ ಒಂದಕ್ಕೊಂದು ನಂಟಿರುವುದರಿಂದ ಈ ಪ್ರಮಾಣ ಇಷ್ಟಿರುವುದಿಲ್ಲವಾದರೂ, ‘ಫುಲ್ ಬಾಡಿ ಚೆಕಪ್’ ಮಾಡಿಸಿದವರಲ್ಲಿ ಅನೇಕರು ಏಕೆ ಗಾಬರಿಯಾಗಿ ಬರುತ್ತಾರೆಂಬುದು ಇದರಿಂದ ಅರ್ಥವಾಗುತ್ತದೆ.

ಆದರೆ ಎಲ್ಲ ಗೆರೆಗಳೂ ಹೀಗೆ ಹುಟ್ಟಿದವಲ್ಲ. ಸಕ್ಕರೆ ಕಾಯಿಲೆಯನ್ನು ಗುರುತಿಸಲು ಖಾಲಿ ಹೊಟ್ಟೆಯ ಸಕ್ಕರೆಗೆ 126, ಎಚ್‌ಬಿಎ1ಸಿಗೆ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 6.5 ಎಂಬ ಗೆರೆಗಳು ಮುಂದೆ ಆಗಬಹುದಾದ ಹಾನಿಯನ್ನು ನೋಡಿ ಹಾಕಿದವು. ಲಕ್ಷಣಗಳಿಲ್ಲದವರಲ್ಲಿ ಇವುಗಳನ್ನೂ ಮತ್ತೊಂದು ಪರೀಕ್ಷೆಯಿಂದ ದೃಢಪಡಿಸಿಕೊಳ್ಳಬೇಕು. ‘ಸ್ವಲ್ಪವೇ ಹೆಚ್ಚು’ ಎಂದು ತಳ್ಳಿಹಾಕುವಂತಿಲ್ಲ.

ರಕ್ತ ತೆಗೆದ ರೀತಿಯೂ ಅಂಕಿಯನ್ನು ಬದಲಿಸುತ್ತದೆ. ಮಾದರಿಯಲ್ಲಿ ಕೆಂಪು ಕಣಗಳು ಒಡೆದರೆ ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ. ಕೆಲವರ ರಕ್ತದಲ್ಲಿ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇರುವ ಟ್ಯೂಬಿನೊಳಗೆ ಪ್ಲೇಟ್‌ಲೆಟ್‌ಗಳು ಗುಂಪುಗೂಡಿ, ಯಂತ್ರದ ಎಣಿಕೆಗೆ ಕಡಿಮೆಯಾಗಿ ಕಾಣುತ್ತವೆ. ಮೊದಲನೆಯ ಪ್ರಕರಣದಲ್ಲಿ ಹೊಸ ಮಾದರಿ, ಎರಡನೆಯದರಲ್ಲಿ ಗಾಜಿನ ಪಟ್ಟಿಯ ಮೇಲೆ ಹರಡಿದ ರಕ್ತದ ಸೂಕ್ಷ್ಮದರ್ಶಕ ಪರೀಕ್ಷೆ ಸಂದೇಹವನ್ನು ಬಗೆಹರಿಸುತ್ತವೆ.

ಒಂದೇ ಅಂಕಿಗೆ ಕಣ್ಣು ನೆಟ್ಟರೆ ಆಗುವ ನಷ್ಟಕ್ಕೆ ಥಲಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ವಾಹಕರೇ (ತಮಗೆ ಕಾಯಿಲೆಯಿಲ್ಲದೆ ಅದರ ಜೀನನ್ನು ಹೊತ್ತವರು) ಸ್ಪಷ್ಟ ಉದಾಹರಣೆ. ಹಿಮೋಗ್ಲೋಬಿನ್ 11.4, ಎಂಸಿವಿ (ಕೆಂಪು ಕಣಗಳ ಸರಾಸರಿ ಗಾತ್ರ) 66, ಕೆಂಪು ಕಣಗಳ ಎಣಿಕೆ 5.6 ದಶಲಕ್ಷ ಇರುವ ಮಹಿಳೆಯ ವರದಿಯನ್ನು ನೋಡಿ. ಹಿಮೋಗ್ಲೋಬಿನ್ ಒಂದನ್ನೇ ಓದಿದವರು ಕಬ್ಬಿಣದ ಮಾತ್ರೆ ಬರೆಯುತ್ತಾರೆ. ಕಬ್ಬಿಣದ ಕೊರತೆಯಲ್ಲಿ ಕಣಗಳ ಗಾತ್ರದೊಡನೆ ಎಣಿಕೆಯೂ ಸಾಮಾನ್ಯವಾಗಿ ಕುಗ್ಗುತ್ತದೆ. ಇಲ್ಲಿ ಎಣಿಕೆ ಮೇಲಿದೆ. ಎಂಸಿವಿಯನ್ನು ಎಣಿಕೆಯಿಂದ ಭಾಗಿಸಿದರೆ 11.8 ಬರುತ್ತದೆ, 1973ರಲ್ಲಿ ಮೆಂಟ್ಜರ್ ಸೂಚಿಸಿದ ಈ ಸೂಚ್ಯಂಕ 13ಕ್ಕಿಂತ ಕಡಿಮೆಯಿದ್ದರೆ ಥಲಸೇಮಿಯಾ ವಾಹಕತ್ವದ ಅನುಮಾನ ಬಲವಾಗುತ್ತದೆ. ಇದು ಸುಳಿವು ಮಾತ್ರ. ಹಿಮೋಗ್ಲೋಬಿನ್ನಿನ ಒಂದು ಬಗೆಯಾದ ಎ2 ಪ್ರಮಾಣ ಶೇ. 3.5ಕ್ಕಿಂತ ಹೆಚ್ಚಿದ್ದರೆ ಬೀಟಾ ಬಗೆಯ ಥಲಸೇಮಿಯಾ ವಾಹಕತ್ವಕ್ಕೆ ಪುಷ್ಟಿ ಸಿಗುತ್ತದೆ. ಕಬ್ಬಿಣದ ಕೊರತೆ ಜೊತೆಗಿದ್ದರೆ ಎ2 ತಗ್ಗಿ ಕಾಣಬಹುದಾದ್ದರಿಂದ ಫೆರಿಟಿನ್ (ದೇಹದಲ್ಲಿನ ಕಬ್ಬಿಣದ ಸಂಗ್ರಹದ ಅಳತೆ) ಕೂಡ ನೋಡಬೇಕು. ದಂಪತಿಗಳಿಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭಧಾರಣೆಯಲ್ಲಿ ಮಗುವಿಗೆ ತೀವ್ರ ಸ್ವರೂಪದ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಇರುವುದರಿಂದ, ಮದುವೆಗೆ ಅಥವಾ ಬಸಿರಿಗೆ ಮೊದಲೇ ಇದನ್ನು ಗುರುತಿಸುವುದು ಎಷ್ಟು ಮುಖ್ಯವೆಂದು ಬೇರೆ ಹೇಳಬೇಕಿಲ್ಲ.

ಹಳೆಯ ವರದಿಗಳನ್ನು ಕೇಳಿ ಪಡೆಯುವುದನ್ನೂ ನಾವು ರೂಢಿಸಿಕೊಳ್ಳಬೇಕು. ಬಿಲಿರುಬಿನ್ (ಹಳೆಯ ಕೆಂಪು ಕಣಗಳು ಒಡೆದಾಗ ಹುಟ್ಟುವ ಹಳದಿ ವಸ್ತು) ವರ್ಷಗಳಿಂದ 1.6ರ ಆಸುಪಾಸಿನಲ್ಲೇ ಇದ್ದು, ಅದರಲ್ಲಿ ಹೆಚ್ಚಿನದು ಪರೋಕ್ಷ ಬಿಲಿರುಬಿನ್ (ಯಕೃತ್ತು ಇನ್ನೂ ಸಂಸ್ಕರಿಸದ ರೂಪ) ಆಗಿದ್ದು, ಯಕೃತ್ತಿನ ಉಳಿದ ಪರೀಕ್ಷೆಗಳೂ ರಕ್ತಕಣಗಳ ಎಣಿಕೆಯೂ ಸರಿಯಾಗಿದ್ದರೆ, ಅದು ಬಹುಮಟ್ಟಿಗೆ ನಿರಪಾಯಕಾರಿಯಾದ ಗಿಲ್ಬರ್ಟ್ ಎಂಬ ಆನುವಂಶಿಕ ಸ್ಥಿತಿ. ಇದಕ್ಕೆ ವಿರುದ್ಧವಾಗಿ, ಕಳೆದ ವರ್ಷ 15.2 ಇದ್ದ ಅರವತ್ತರ ಗಂಡಸಿನ ಹಿಮೋಗ್ಲೋಬಿನ್ ಈ ವರ್ಷ 13.1ಕ್ಕೆ ಇಳಿದಿದ್ದರೆ, 13ರ ಗೆರೆಯನ್ನು ದಾಟದ ಕಾರಣ ವರದಿಯಲ್ಲಿ ಯಾವ ಗುರುತೂ ಇರುವುದಿಲ್ಲ. ಆದರೂ ಕರುಳಿನಲ್ಲೆಲ್ಲಾದರೂ ರಕ್ತ ಸೋರುತ್ತಿದೆಯೇ ಎಂದು ಹುಡುಕಲೇಬೇಕಾದದ್ದು ಈತನಲ್ಲಿ.