ಹುಡುಗರ ಊಟಕ್ಕೂ ದತ್ತಿಪತ್ರ ಬರೆಸಿದ ಬಿಷಪ್

ಶಾಲೆ ಕಟ್ಟಿಸಬೇಕೆಂದು ನನ್ನ ಬಳಿ ಬರುವ ದಾನಿಗಳು ಹೆಚ್ಚಾಗಿ ಕಟ್ಟಡದ ನಕ್ಷೆ ಹಿಡಿದೇ ಬರುತ್ತಾರೆ. ತಂದೆಯ ಹೆಸರನ್ನು ಯಾವ ಗೋಡೆಯ ಮೇಲೆ ಕೆತ್ತಿಸಬೇಕು ಎಂಬುದೂ ಅಷ್ಟರಲ್ಲಿ ತೀರ್ಮಾನವಾಗಿರುತ್ತದೆ. ಟ್ರಸ್ಟ್ ಡೀಡ್ ಬರೆಯುವ ವಕೀಲನಾಗಿ ನಾನು ಮೊದಲು ಕೇಳುವುದು ಬೇರೆ: ಮಕ್ಕಳೆಷ್ಟು, ಅವರ ಊಟ ಯಾವ ಆದಾಯದಿಂದ ನಡೆಯುತ್ತದೆ? ಹೀಗೆ ಕೇಳುವುದನ್ನು ನಾನು ಕಲಿತದ್ದು ಆರುನೂರು ವರ್ಷಗಳ ಹಿಂದೆ ತೀರಿಕೊಂಡ ಒಬ್ಬ ಇಂಗ್ಲಿಷ್ ಬಿಷಪ್‌ನಿಂದ.

ವಿಲಿಯಂ ಆಫ್ ವಿಕಮ್ ಹುಟ್ಟಿದ್ದು 1324ರಲ್ಲಿ, ಹ್ಯಾಂಪ್‌ಷೈರ್‌ನ ವಿಕಮ್ ಹಳ್ಳಿಯ ಸಾಮಾನ್ಯ ಮನೆಯೊಂದರಲ್ಲಿ. ಓದಿದ್ದು ವಿಂಚೆಸ್ಟರ್‌ನಲ್ಲಿ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ. 1356ರಲ್ಲಿ ವಿಂಡ್ಸರ್ ಕೋಟೆಯ ಕಟ್ಟಡ ಕೆಲಸದ ಉಸ್ತುವಾರಿ ಸಿಕ್ಕಿತು. ಅಲ್ಲಿಂದ ಮೂರನೆಯ ಎಡ್ವರ್ಡ್ ದೊರೆಯ ನಂಬಿಕೆ ಗಳಿಸಿ, 1367ರ ಹೊತ್ತಿಗೆ ವಿಂಚೆಸ್ಟರ್‌ನ ಬಿಷಪ್ ಮತ್ತು ರಾಜ್ಯದ ಚಾನ್ಸಲರ್ ಎರಡೂ ಆಗಿದ್ದ. ಪ್ಲೇಗು ಊರೂರುಗಳ ಪಾದ್ರಿಗಳನ್ನು ಬಲಿ ತೆಗೆದುಕೊಂಡಿದ್ದ ಕಾಲವದು. ಓದು ಬಲ್ಲವರು ಬೇಕಾಗಿದ್ದರು.

ಮೊದಮೊದಲು ಆತ ಆಕ್ಸ್‌ಫರ್ಡಿನ ಬಡ ವಿದ್ಯಾರ್ಥಿಗಳನ್ನು ಸಾಕಿದ್ದು ತನ್ನ ಕೈಯಿಂದಲೇ. 1376ರಲ್ಲಿ ಅಧಿಕಾರದ ಗಾಳಿ ತಿರುಗಿತು. ದುರಾಡಳಿತದ ಆರೋಪ ಹೊರಿಸಿ ಬಿಷಪ್ ಪದವಿಯ ಆಸ್ತಿಯ ಆದಾಯವನ್ನು ಕಿತ್ತುಕೊಂಡರು. ಆಗ ಆಕ್ಸ್‌ಫರ್ಡಿನ ಹುಡುಗರನ್ನು ಊರಿಗೆ ವಾಪಸು ಕಳಿಸಬೇಕಾಯಿತೆಂದು ಆ ಕಾಲದ ವೃತ್ತಾಂತ ಹೇಳುತ್ತದೆ. ಆತನ ಬದುಕಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ ಪ್ರಸಂಗ. ಒಬ್ಬನ ಜೇಬು ಬರಿದಾದರೆ ಇಷ್ಟೊಂದು ಮಕ್ಕಳ ಓದು ನಿಲ್ಲುತ್ತದೆ. ಮರುವರ್ಷ ಆದಾಯ ಮರಳಿ ಬಂತು. 1379ರಲ್ಲಿ ಆಕ್ಸ್‌ಫರ್ಡಿನ ನ್ಯೂ ಕಾಲೇಜಿಗೆ, 1382ರಲ್ಲಿ ವಿಂಚೆಸ್ಟರ್ ಕಾಲೇಜು ಎಂಬ ಹೆಸರಿನ ಶಾಲೆಗೆ ಸ್ಥಾಪನಾಪತ್ರಗಳಾದವು. ಅವು ಸ್ವಂತ ಹೆಸರಿನಲ್ಲಿ ಜಮೀನು ಹೊಂದಬಲ್ಲ ಸಂಸ್ಥೆಗಳು. ಫ್ರೆಂಚ್ ಮಠಗಳಿಗೆ ಸೇರಿದ್ದ ಜಮೀನುಗಳನ್ನು ಆತ ಕೊಂಡು ಕಾಲೇಜಿಗೆ ಬಿಟ್ಟುಕೊಟ್ಟ. ಗೇಣಿಯ ಹಣ ಹುಡುಗರ ಅನ್ನವಾಯಿತು. ದಾನಿಗೆ ಏನೇ ಆದರೂ ಒಲೆ ಆರದಂತಾಯಿತು.

ಅಂಕಿಯನ್ನೂ ಬರೆದಿಟ್ಟ: ಶಾಲೆಯಲ್ಲಿ 70, ಕಾಲೇಜಿನಲ್ಲಿ 70. ಶಾಲೆಯ ಹುಡುಗರು ಬಡವರಾಗಿರಬೇಕು, ಅಲ್ಲಿ ಲ್ಯಾಟಿನ್ ಕಲಿತು ಕಾಲೇಜಿಗೆ ಹೋಗಬೇಕು. ಶಾಲೆ ಮುಗಿಸಿದ ಬಡ ಹುಡುಗ ಮುಂದೇನು ಎಂದು ನಡುದಾರಿಯಲ್ಲಿ ನಿಲ್ಲಬಾರದು. ಕಾಲೇಜಿನ ಮುಖ್ಯಸ್ಥ ಪ್ರತಿವರ್ಷ ಶಾಲೆಗೆ ಬಂದು ತಪಾಸಣೆ ಮಾಡಬೇಕೆಂಬ ನಿಯಮವೂ ಇತ್ತು. ಒಂದು ಸಂಸ್ಥೆ ಇನ್ನೊಂದನ್ನು ಕಾಯುವ ಈ ಏರ್ಪಾಡನ್ನು ನಾನು ಎಷ್ಟೋ ಡೀಡುಗಳಲ್ಲಿ ಸೇರಿಸಲು ಹೆಣಗಿದ್ದೇನೆ. ಟ್ರಸ್ಟಿಗಳು ಸುಲಭಕ್ಕೆ ಒಪ್ಪುವುದಿಲ್ಲ. ಆರನೆಯ ಹೆನ್ರಿ ದೊರೆ ಮಾತ್ರ ಒಪ್ಪಿದ. 1440ರಲ್ಲಿ ಈಟನ್ ಶಾಲೆ, ಮರುವರ್ಷ ಕೇಂಬ್ರಿಜ್‌ನಲ್ಲಿ ಕಿಂಗ್ಸ್ ಕಾಲೇಜು, ಅದೇ ಜೋಡಿಯ ಮಾದರಿಯಲ್ಲಿ ಎದ್ದವು.

ತಪ್ಪೂ ಆಯಿತು. ತನ್ನ ರಕ್ತಸಂಬಂಧಿಗಳಿಗೆ ಸೀಟಿನಲ್ಲಿ ಮೊದಲ ಹಕ್ಕು ಎಂದು ವಿಕಮ್ ಬರೆಸಿದ್ದ. ಪಾದ್ರಿಗೆ ಮಕ್ಕಳಿಲ್ಲ, ನಿಜ. ಆದರೆ ಸೋದರಿಯ ವಂಶ ಬೆಳೆಯಿತು, ತಲೆಮಾರು ತಲೆಮಾರಾಗಿ ವಂಶಾವಳಿ ಹಿಡಿದು ಬಂದವರು ಬಡವರ ಜಾಗ ಕೇಳಿದರು. ಈ ಹಕ್ಕು ರದ್ದಾಗಲು 19ನೆಯ ಶತಮಾನದವರೆಗೆ ಕಾಯಬೇಕಾಯಿತು. 'ನಮ್ಮ ಮನೆತನದವರಿಗೆ ಆದ್ಯತೆ ಇರಲಿ ಸಾರ್' ಎಂದು ಯಾರಾದರೂ ಕೇಳಿದಾಗ ನಾನು ಪೆನ್ನು ಕೆಳಗಿಟ್ಟು ಈ ಕಥೆ ಹೇಳುತ್ತೇನೆ.

ವಿಂಚೆಸ್ಟರ್ ಶಾಲೆಯ ಕಟ್ಟಡಕ್ಕೆ ಹುಡುಗರು ಕಾಲಿಟ್ಟದ್ದು 1394ರಲ್ಲಿ. ವಿಕಮ್‌ಗೆ ಆಗ ಎಪ್ಪತ್ತರ ಆಸುಪಾಸು. ಶಾಲೆಯ ನಿಯಮಾವಳಿಯನ್ನು ಮತ್ತೆ ತಿದ್ದಿ ಅಂತಿಮ ರೂಪ ಕೊಟ್ಟದ್ದು 1400ರಲ್ಲಿ, ಸಾಯುವುದಕ್ಕೆ ನಾಲ್ಕು ವರ್ಷ ಮೊದಲು. ಪ್ರತಿ ಕೋಣೆಯಲ್ಲಿ ಚಿಕ್ಕವರ ಓದು ನೋಡಿಕೊಳ್ಳಲು ಮೂವರು ದೊಡ್ಡ ಹುಡುಗರಾದರೂ ಇರಬೇಕು ಎಂಬಷ್ಟು ವಿವರ ಅದರಲ್ಲಿದೆ.